ಕಡಲಾಚೆಯ ಮನೆಗೆ ಹಿರಿಯರು: ಬರಮಾಡಿಕೊಳ್ಳುವ ಕ್ರಮ, ಬೀಳ್ಕೊಡುವ ಕ್ರಮ

ಶ್ರೀಮಠದ ಸದ್ಭಕ್ತರ ಎಷ್ಟೋ ಕುಟುಂಬಗಳಲ್ಲಿ ಇಂದು ಮಗನೋ ಮಗಳೋ ಕಡಲಾಚೆ ನೆಲೆಸಿದ್ದಾರೆ. ಅಲ್ಲಿ ಹೆರಿಗೆಯ ದಿನ ಹತ್ತಿರವಾದಾಗ, ಹೊಸ ಮನೆಯ ಪ್ರವೇಶವಾದಾಗ, ಇಲ್ಲವೆ ಮೊಮ್ಮಕ್ಕಳನ್ನು ನೋಡಬೇಕೆಂಬ ಹಂಬಲ ತಡೆಯಲಾಗದಾದಾಗ ಇಲ್ಲಿಯ ಹಿರಿಯರು ಪ್ರಯಾಣಕ್ಕೆ ಅಣಿಯಾಗುತ್ತಾರೆ. ಅಮೆರಿಕಕ್ಕೆ ಸಂದರ್ಶಕರಾಗಿ ಹೋದವರಿಗೆ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳವರೆಗೆ ಉಳಿಯಲು ಅನುಮತಿ ದೊರೆಯುತ್ತದೆ. ವರ್ಷಗಟ್ಟಲೆ ದೂರವಿದ್ದವರಿಗೆ ಒಂದೇ ಸೂರಿನ ಕೆಳಗೆ ಬಾಳಲು ದೊರೆಯುವ ಆ 6 ತಿಂಗಳು ನಿಜಕ್ಕೂ ದೊಡ್ಡ ಭಾಗ್ಯ.

ಹೊರಡುವ ಮುನ್ನ ಸಲಹೆ ಕೇಳಲು ನನ್ನ ಚಿಕಿತ್ಸಾಲಯಕ್ಕೆ ಬರುವ ಹಿರಿಯರು ಅನೇಕರು. ವಿಮಾನದಲ್ಲಿ ಏನು ತಿನ್ನಬೇಕು, ಚಳಿಗೆ ಏನು ಮಾಡಬೇಕು, ಮಾತ್ರೆಗಳನ್ನು ಹೇಗೆ ಒಯ್ಯಬೇಕು ಎಂದೆಲ್ಲ ಕೇಳುತ್ತಾರೆ. ಆದರೆ ಮರಳುವ ದಿನದ ಬಗ್ಗೆ ಕೇಳಿದವರು ಇಲ್ಲವೆಂದೇ ಹೇಳಬೇಕು. ಹಾಗೆ ನೋಡಿದರೆ, ಪರದೇಶದ ಪ್ರಯಾಣಕ್ಕೆ ಸಂಬಂಧಿಸಿದಂತೆ ನಾನು ಕಂಡಿರುವ ಕಾಯಿಲೆಗಳಲ್ಲಿ ಹೆಚ್ಚಿನವು ಹೊರಟಾಗಿನವಲ್ಲ, ಅಗಲಿ ಬಂದಾಗಿನವು. ಬರಮಾಡಿಕೊಳ್ಳುವುದಕ್ಕೆ ಮಾಡುವಷ್ಟೇ ಸಿದ್ಧತೆಯನ್ನು ಬೀಳ್ಕೊಡುವುದಕ್ಕೂ ಮಾಡಬೇಕೆಂಬುದು ಈ ಲೇಖನದ ಆಶಯ. ಇಲ್ಲಿಂದ ಹೊರಡುವ ಹಿರಿಯರಿಗೂ ಅಲ್ಲಿ ಅವರನ್ನು ಎದುರುಗೊಳ್ಳುವ ಮಕ್ಕಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಪ್ರಯಾಣ ಮತ್ತು ವಾತ

ವಾರ್ಧಕ್ಯವು ವಾತಪ್ರಧಾನವಾದ ವಯಸ್ಸು. ಒಣತನ, ಶೀತ, ನಿದ್ರಾಭಂಗ, ಹೊತ್ತಲ್ಲದ ಹೊತ್ತಿನ ಊಟ, ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಅತಿಯಾದ ಪ್ರಯಾಣ ಇವೆಲ್ಲ ವಾತವನ್ನು ಕೆರಳಿಸುತ್ತವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ದೀರ್ಘ ವಿಮಾನಯಾನದಲ್ಲಿ ಇವೆಲ್ಲವೂ ಒಟ್ಟಿಗೇ ಬರುತ್ತವೆ. ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಅಲ್ಲಿಯ ವಾಯುಒತ್ತಡವು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಹೃದಯ ಮತ್ತು ಶ್ವಾಸಕೋಶದ ತೊಂದರೆಯುಳ್ಳವರು ಟಿಕೆಟ್ ಕೊಳ್ಳುವ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕೆನ್ನುವುದು ಈ ಕಾರಣಕ್ಕೆ.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕುಳಿತೇ ಪ್ರಯಾಣ ಮಾಡುವವರಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಸ್ವಲ್ಪ ಸ್ವಲ್ಪವೇ ನೀರು ಕುಡಿಯುವುದು ಅವಶ್ಯ. ಶೌಚಾಲಯಕ್ಕೆ ಎದ್ದುಹೋಗಲು ಸಂಕೋಚಪಟ್ಟು ನೀರನ್ನೇ ಬಿಡುವ ತಾಯಂದಿರು ಬಹಳ ಮಂದಿ. ಇದು ಸರಿಯಲ್ಲ. ಟಿಕೆಟ್ ಕಾಯ್ದಿರಿಸುವಾಗಲೇ ನಡುದಾರಿಯ ಪಕ್ಕದ ಆಸನ, ಸಸ್ಯಾಹಾರ ಮತ್ತು ಗಾಲಿಕುರ್ಚಿಯ ಸಹಾಯವನ್ನು ಕೇಳಿಕೊಳ್ಳುವುದು ಮಕ್ಕಳ ಹೊಣೆ.

ಔಷಧಗಳೆಲ್ಲ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಕಳಿಸಬಾರದು, ಸಾಮಾನಿನ ಕೋಣೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬದೆ ಅವುಗಳ ಮೂಲ ಹೊದಿಕೆಯಲ್ಲೇ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಆಯುರ್ವೇದ ಔಷಧಗಳಿಗೂ ಇದೇ ನಿಯಮ. ಲೇಹ್ಯ, ತೈಲ, ಅರಿಷ್ಟಗಳ ಕುರಿತು ಒಂದೊಂದು ದೇಶದ್ದು ಒಂದೊಂದು ಕಟ್ಟಳೆ, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳಿರಿ. ಭಸ್ಮಯುಕ್ತ ಔಷಧ ಸೇವಿಸುವವರು ಅಲ್ಲಿಯ ವೈದ್ಯರಿಗೆ ಅದನ್ನು ಮುಚ್ಚಿಡಬಾರದು. ಬೆಳ್ಳಿಯ ಕರಡಿಗೆ ಧರಿಸಿದವರನ್ನು ಭದ್ರತಾ ತಪಾಸಣೆಯಲ್ಲಿ ನಿಲ್ಲಿಸಿ ಕೇಳುವುದುಂಟು. ಗಾಬರಿಪಡದೆ ಅದು ತಮ್ಮ ಪೂಜಾವಸ್ತುವೆಂದು ತಿಳಿಸಿ, ಅಗತ್ಯವೆನಿಸಿದರೆ ಪ್ರತ್ಯೇಕ ಕೋಣೆಯಲ್ಲಿ ತಪಾಸಣೆ ಮಾಡುವಂತೆ ಕೋರಬಹುದು.

ಇನ್ನು ವಿಮೆ. ಅಮೆರಿಕದಲ್ಲಿ ಒಂದು ದಿನದ ಆಸ್ಪತ್ರೆವಾಸವೂ ಸಾಮಾನ್ಯ ಕುಟುಂಬಕ್ಕೆ ದೊಡ್ಡ ಹೊರೆಯಾಗಬಲ್ಲದು. ಸಂದರ್ಶಕರ ಆರೋಗ್ಯವಿಮೆಯನ್ನು ಹೊರಡುವ ಮೊದಲೇ ಮಾಡಿಸಿ, ಈಗಾಗಲೇ ಇರುವ ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದನ್ನು ಮಕ್ಕಳು ಓದಿ ತಿಳಿದುಕೊಳ್ಳಬೇಕು.

ಮೊದಲ ಹತ್ತು ದಿನ

ನ್ಯೂ ಜೆರ್ಸಿಯ ಗಡಿಯಾರವು ನಮ್ಮ ಗಡಿಯಾರಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿದೆ. ದೇಹದೊಳಗಿನ ಗಡಿಯಾರ ದಿನವೊಂದಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಹೊಂದುತ್ತದೆ. ಅಂದರೆ ಹಿರಿಯರು ಪೂರ್ತಿ ಅಲ್ಲಿಯವರಾಗಲು ಹತ್ತು ದಿನ ಬೇಕು. ಮಕ್ಕಳು ಬಹಳ ಉತ್ಸಾಹದಿಂದ ಮೊದಲ ವಾರವೇ ಜಲಪಾತ, ವಸ್ತುಸಂಗ್ರಹಾಲಯ, ಗೆಳೆಯರ ಮನೆಯ ಔತಣ ಎಂದು ಏರ್ಪಡಿಸಿಬಿಡುತ್ತಾರೆ. ಅವೆಲ್ಲ ಮೂರನೆಯ ವಾರಕ್ಕಿರಲಿ.

ಈ ಹತ್ತು ದಿನ ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡಿಗೆ, ಹಗಲು ನಿದ್ರೆ ಅನಿವಾರ್ಯವಾದರೆ ಅರ್ಧ ಗಂಟೆ ಮಾತ್ರ, ರಾತ್ರಿ ಬೇಗ ಹಗುರವಾದ ಊಟ. ಬಿಸಿ ಅನ್ನ, ಹೆಸರುಬೇಳೆಯ ಸಾರು, ತುಪ್ಪ, ಶುಂಠಿ ಹಾಕಿದ ಮಜ್ಜಿಗೆ ಸಾಕು. ತಣ್ಣನೆಯ ಹಾಲಿನಲ್ಲಿ ಒಣ ಧಾನ್ಯದ ಚೂರುಗಳನ್ನು ನೆನೆಸಿ ತಿನ್ನುವ ಅಲ್ಲಿಯ ಉಪಾಹಾರ ಹಿರಿಯರಿಗೆ ಒಗ್ಗುವುದಿಲ್ಲ, ಮಲಬದ್ಧತೆ ಬೇಗ ಆರಂಭವಾಗುತ್ತದೆ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕುವುದು ನಿದ್ರೆಗೆ ಹಿತಕರ. ಆದರೆ ಎಣ್ಣೆಗಾಲಿನಲ್ಲಿ ನೆಲದ ಮೇಲೆ ಓಡಾಡಬಾರದು, ಕಾಲುಚೀಲ ಧರಿಸಬೇಕು. ಇಷ್ಟಲಿಂಗಪೂಜೆಗೆ ಕೂರುವ ಹೊತ್ತನ್ನು ಮೊದಲ ದಿನದಿಂದಲೇ ಅಲ್ಲಿಯ ಸೂರ್ಯೋದಯಕ್ಕೆ ಹೊಂದಿಸಿಕೊಂಡರೆ ಉಳಿದ ದಿನಚರಿ ಅದರ ಹಿಂದೆ ತಾನಾಗಿ ಬರುತ್ತದೆ. ಮಧುಮೇಹ ಮತ್ತು ರಕ್ತದೊತ್ತಡದ ಔಷಧಗಳ ವೇಳೆಯನ್ನು ಮಾತ್ರ ಸ್ವಂತ ಲೆಕ್ಕಾಚಾರದಿಂದ ಬದಲಾಯಿಸದೆ ವೈದ್ಯರಿಂದ ಬರೆಸಿಕೊಂಡು ಹೋಗಬೇಕು.

ಸ್ನಾನದ ಮನೆಯ ಕುರಿತು ಒಂದು ಎಚ್ಚರಿಕೆಯ ಮಾತು. ಅಲ್ಲಿ ಸ್ನಾನಕ್ಕೆ ತೊಟ್ಟಿಯ ಅಂಚನ್ನು ದಾಟಿ ಇಳಿಯಬೇಕಾದ ಮನೆಗಳು ಹೆಚ್ಚು. ಚೊಂಬಿನಲ್ಲಿ ನೀರು ಹೊಯ್ದುಕೊಂಡು ರೂಢಿಯಾದ ಎಪ್ಪತ್ತರ ತಾಯಿಗೆ ಆ ಅಂಚು ಅಪಾಯಕಾರಿ. ತೊಟ್ಟಿಯೊಳಗೆ ಜಾರದ ರಬ್ಬರ್ ಹಾಸು, ಗೋಡೆಗೆ ಹಿಡಿಕೆ, ಕೂರಲು ಪ್ಲಾಸ್ಟಿಕ್ ಸ್ಟೂಲು, ರಾತ್ರಿ ಮೆಟ್ಟಿಲ ಬಳಿ ಮಂದ ದೀಪ ಇವನ್ನು ಅವರು ಬರುವ ಮೊದಲೇ ಅಣಿಗೊಳಿಸಿರಿ. ಮನೆಯ ವಿಳಾಸ, ಮಕ್ಕಳ ದೂರವಾಣಿ ಸಂಖ್ಯೆ, ತುರ್ತಿಗೆ ಅಮೆರಿಕದಲ್ಲಿ 911 ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿರಿ.

ಅತಿಥಿಗಳಲ್ಲ, ಮನೆಯವರು

ನಾನೂ ನನ್ನ ಪತ್ನಿಯೂ ನ್ಯೂ ಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲ ಕಳೆದೆವು. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಎಂಟಕ್ಕೆ ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೊರಟರೆ ಮನೆ ನಿಶ್ಶಬ್ದ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ಮಾತನಾಡಿಸಿ ರೂಢಿಯಾದ ನಮಗೆ ಆ ಎಂಟು ಗಂಟೆ ಬಹಳ ದೀರ್ಘವಾಗಿ ತೋರುತ್ತಿತ್ತು. ಸುತ್ತಮುತ್ತಲ ಮನೆಗಳಿಗೆ ಬಂದಿದ್ದ ಹಿರಿಯರಲ್ಲಿ ಕೆಲವರು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದರು. ಕೆಲವರಿಗೆ ಕಾರಣವಿಲ್ಲದೆ ಮನಸ್ಸು ಕುಗ್ಗಿತ್ತು. ಬಿಸಿಲು ಕಡಿಮೆಯಾದ ದಿನಗಳಲ್ಲಿ ಹೀಗೆ ಮನಸ್ಸು ಕುಗ್ಗುವುದನ್ನು ಆಧುನಿಕ ವೈದ್ಯಶಾಸ್ತ್ರವೂ ಗುರುತಿಸಿದೆ.

ಆ ಹಿರಿಯರ ನಡುವೆ ಚೆನ್ನಾಗಿ ಇದ್ದವರು ಯಾರೆಂದು ಗಮನಿಸಿದೆ. ದಿನಕ್ಕೊಂದು ನಿಶ್ಚಿತ ಕಾಯಕವಿದ್ದವರು ಅವರು. ಒಬ್ಬ ತಾಯಿ ಪ್ರತಿದಿನ ಮಧ್ಯಾಹ್ನ ರೊಟ್ಟಿ ಬಡಿದಿಡುತ್ತಿದ್ದರು. ಒಬ್ಬ ನಿವೃತ್ತ ಗುಮಾಸ್ತರು ಮೊಮ್ಮಗನಿಗೆ ಸಂಜೆ ಕನ್ನಡ ಕಾಗುಣಿತ ಹೇಳಿಕೊಡುತ್ತಿದ್ದರು. ಇನ್ನೊಬ್ಬರು ಕಿಟಕಿಯ ಬಳಿ ಕುಂಡಗಳಲ್ಲಿ ಮೆಂತ್ಯ ಬೆಳೆಸಿದ್ದರು. ಮಕ್ಕಳು ಪ್ರೀತಿಯಿಂದಲೇ "ಅಪ್ಪ, ನೀವು ಆರಾಮಾಗಿ ಕೂತಿರಿ" ಎನ್ನುತ್ತಾರೆ. ಆದರೆ ಕೂರಿಸಿಟ್ಟ ಮನುಷ್ಯನಿಗೆ ಹಸಿವೂ ಇಲ್ಲ, ನಿದ್ರೆಯೂ ಇಲ್ಲ. ಅವರಿಗೆ ಮನೆಯಲ್ಲಿ ಒಂದು ಹೊಣೆಯನ್ನು ಕೊಡಿರಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಾಣಂತನಕ್ಕೆ ಹೋದ ತಾಯಂದಿರ ಮೇಲೆ ಕೆಲಸದ ಪೂರ್ಣ ಭಾರ ಬೀಳುವುದುಂಟು. ಅಡುಗೆ, ಮಗುವಿನ ಎಣ್ಣೆನೀರು, ರಾತ್ರಿಯ ಜಾಗರಣೆ, ದೊಡ್ಡ ಮಗುವಿನ ಊಟ ಎಲ್ಲವೂ ಅರವತ್ತೈದರ ಮೊಣಕಾಲುಗಳ ಮೇಲೆ. ಬಾಣಂತಿಯ ಆರೈಕೆಯಲ್ಲಿ ಅಜ್ಜಿಯ ಮಾತ್ರೆ ತಪ್ಪದಂತೆ ನೋಡುವವರು ಯಾರು? ಆ ಕೆಲಸ ಅಳಿಯನದು ಅಥವಾ ಮಗನದು. ವಾರದಲ್ಲಿ ಎರಡು ರಾತ್ರಿಯಾದರೂ ಅವರಿಗೆ ತಡೆಯಿಲ್ಲದ ನಿದ್ರೆ ದೊರೆಯಬೇಕು.

ಕೊನೆಯ ಎರಡು ವಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ದಿನದಿನವೂ ಅಭ್ಯಾಸವಾಗಿ ದೇಹಕ್ಕೆ ಒಗ್ಗಿಹೋದುದನ್ನು ಆಯುರ್ವೇದವು ಓಕಸಾತ್ಮ್ಯ ಎನ್ನುತ್ತದೆ. ಅಂಥ ಅಭ್ಯಾಸವನ್ನು ಒಮ್ಮೆಲೇ ತೊರೆಯಬಾರದು, ಕಾಲುಕಾಲು ಭಾಗವಾಗಿ, ನಡುನಡುವೆ ದಿನಗಳ ಬಿಡುವು ಕೊಟ್ಟು ಕ್ರಮೇಣ ಬಿಡಬೇಕೆಂದು ಚರಕಾಚಾರ್ಯರು ವಿಧಿಸಿದ್ದಾರೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಆಹಾರ ವಿಹಾರಗಳಿಗಾಗಿ ಹೇಳಿದ ಈ ನಿಯಮವನ್ನು ನಾನು ಅಗಲಿಕೆಗೂ ಅನ್ವಯಿಸಿಕೊಳ್ಳಲು ನನ್ನ ರೋಗಿಗಳಿಗೆ ಹೇಳುತ್ತೇನೆ. ಆರು ತಿಂಗಳು ಪ್ರತಿರಾತ್ರಿ ಅಜ್ಜಿಯ ಕೈತುತ್ತು ತಿಂದ ಮಗುವಿಗೆ ಅಜ್ಜಿ ಸಾತ್ಮ್ಯಳಾಗಿದ್ದಾಳೆ. ಅಜ್ಜಿಗೆ ಆ ಮಗುವಿನ ತೂಕ ತೊಡೆಗೆ ಸಾತ್ಮ್ಯವಾಗಿದೆ. ಒಂದು ರಾತ್ರಿಯ ವಿಮಾನ ಅದನ್ನು ಪೂರ್ತಿಯಾಗಿ ಕಿತ್ತುಕೊಂಡರೆ ಮಗು ಊಟ ಬಿಡುವುದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದ ಹೊರಡಲು ಎರಡು ವಾರವಿರುವಾಗ ಕ್ಯಾಲೆಂಡರಿನಲ್ಲಿ ಆ ದಿನವನ್ನು ಮಗುವಿಗೆ ತೋರಿಸಿರಿ. ಮಗು ಮಲಗಿದ್ದಾಗ ಹೇಳದೆ ಹೊರಟುಹೋಗುವ ಪದ್ಧತಿ ಬೇಡ. ಅದು ಮಗುವಿನ ನಂಬಿಕೆಗೆ ಪೆಟ್ಟು ಕೊಡುತ್ತದೆ. ಮೊದಲು ವಾರಕ್ಕೆರಡು ರಾತ್ರಿ ತಾಯಿ ಉಣಿಸಲಿ, ಅಜ್ಜಿ ಪಕ್ಕದಲ್ಲಿರಲಿ. ಬಳಿಕ ದಿನ ಬಿಟ್ಟು ದಿನ. ಕೊನೆಯ ಮೂರು ದಿನ ತಾಯಿ ಉಣಿಸಿ, ಅಜ್ಜಿ ಪಕ್ಕದ ಕೋಣೆಯಿಂದ ಫೋನಿನಲ್ಲಿ ಕಥೆ ಹೇಳಲಿ. ಊರಿಗೆ ಮರಳಿದ ಮೇಲೆ ಉಳಿಯುವ ರೂಢಿ ಅದೇ ಆದುದರಿಂದ ಅದನ್ನು ಇಲ್ಲಿಂದಲೇ ಆರಂಭಿಸುವುದು ಲೇಸು.

ಪೆಟ್ಟಿಗೆ ಕಟ್ಟುವುದು, ಅಂಗಡಿ ತಿರುಗುವುದು ಕೊನೆಯ ಮೂರು ದಿನಗಳಿಗಿಂತ ಮೊದಲೇ ಮುಗಿಯಬೇಕು. ಹೊರಡುವ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ತಕ್ಕಡಿಯ ಮೇಲೆ ಪೆಟ್ಟಿಗೆಯಿಟ್ಟು 23 ಕಿಲೋ ಮೀರಿತೆಂದು ಬಿಚ್ಚಿಕಟ್ಟುವ ಮನೆಗಳಲ್ಲಿ ರಕ್ತದೊತ್ತಡ ಏರದೆ ಇರದು. ಆ ದಿನಗಳನ್ನು ಮಾತಿಗೆ ಉಳಿಸಿಕೊಳ್ಳಿರಿ.

ಯಾವ ಮಾತಿಗೆ? ಎಪ್ಪತ್ತೈದು ದಾಟಿದ ತಂದೆತಾಯಿಗಳು ವಿಮಾನ ಹತ್ತುವಾಗ ಇಬ್ಬರ ಮನಸ್ಸಿನಲ್ಲೂ ಒಂದೇ ಪ್ರಶ್ನೆಯಿರುತ್ತದೆ. ಮತ್ತೆ ಬರಲಾದೀತೇ, ಮತ್ತೆ ಕಾಣಲಾದೀತೇ ಎಂಬುದು ಅದು. ಇಬ್ಬರೂ ಅದನ್ನು ನುಂಗಿಕೊಂಡು ಹವಾಮಾನದ ಮಾತಾಡುತ್ತಾರೆ. ಅಮಂಗಳವೆಂದು ಹೆದರದೆ ಅದನ್ನು ಒಮ್ಮೆ ಆಡಿಬಿಡುವುದು ಆರೋಗ್ಯಕರ. ಊರಿನಲ್ಲಿ ರಾತ್ರಿ ಕಾಯಿಲೆಯಾದರೆ ಮೊದಲು ಯಾರಿಗೆ ಫೋನು ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು, ಔಷಧಗಳ ಪಟ್ಟಿ ಯಾರ ಬಳಿ ಇದೆ, ಒಬ್ಬರೇ ಉಳಿದರೆ ಎಲ್ಲಿ ಇರಲು ಇಚ್ಛೆ, ಕೊನೆಗಾಲದಲ್ಲಿ ಎಂಥ ಚಿಕಿತ್ಸೆ ಬೇಕು ಎಂಥದು ಬೇಡ ಎಂಬ ವಿಷಯಗಳನ್ನು ತಂದೆತಾಯಿ ತಾವಾಗಿಯೇ ಎತ್ತಿದರೆ ಮಕ್ಕಳಿಗೆ ಕೇಳುವ ಸಂಕಟ ತಪ್ಪುತ್ತದೆ. ಎದುರುಬದುರು ಕುಳಿತು ಒಂದು ಗಂಟೆಯಲ್ಲಿ ಮುಗಿಯುವ ಈ ಮಾತು, ಮುಂದೆ ಫೋನಿನಲ್ಲಿ ಒಂದು ವರ್ಷವಾದರೂ ಆಡಲಾಗುವುದಿಲ್ಲ.

ಕಣ್ಣೀರು ಬೇರೆ, ಶೋಕ ಬೇರೆ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮಲ, ಮೂತ್ರ, ಸೀನು, ಹಸಿವು, ಬಾಯಾರಿಕೆ, ನಿದ್ರೆಗಳ ಸಾಲಿನಲ್ಲಿಯೇ ಬಾಷ್ಪ, ಅಂದರೆ ಕಣ್ಣೀರು ಸೇರಿದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ಬಾಧೆ, ಹೃದಯದ ಬಾಧೆ, ಅರುಚಿ, ತಲೆಸುತ್ತು ಬರುತ್ತವೆಂದು ಅಲ್ಲಿ ಹೇಳಿದೆ. ವಾಗ್ಭಟಾಚಾರ್ಯರು ಇದಕ್ಕೆ ತಲೆನೋವನ್ನೂ ಕತ್ತಿನ ಬಿಗಿತವನ್ನೂ ಸೇರಿಸಿದ್ದಾರೆ. ಪರಿಹಾರಗಳಲ್ಲಿ ಇಬ್ಬರೂ ನಿದ್ರೆಯನ್ನೂ ಪ್ರಿಯವಾದ ಮಾತುಕತೆಯನ್ನೂ ಹೇಳುತ್ತಾರೆ.

ಗದಗಿನ ಕಡೆಯ ನಿವೃತ್ತ ಶಿಕ್ಷಕ ದಂಪತಿಗಳು ಮಗಳ ಮನೆಯಿಂದ ಮರಳಿ ಮೂರು ವಾರವಾದ ಮೇಲೆ ನನ್ನಲ್ಲಿಗೆ ಬಂದಿದ್ದರು. ಇಬ್ಬರಿಗೂ ಊಟ ಸೇರದು. ಅವರಿಗೆ ತಲೆಸುತ್ತು, ಆಕೆಗೆ ಬಿಡದ ನೆಗಡಿ ಮತ್ತು ಕತ್ತಿನ ಹಿಡಿತ. ರಕ್ತ, ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿದಾಗ ದೋಷವೇನೂ ಕಾಣಲಿಲ್ಲ. ವಿಮಾನ ನಿಲ್ದಾಣದಲ್ಲಿ ಹೇಗೆ ಬಿಟ್ಟು ಬಂದಿರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆಕಿ ಮುಂದ ಅಳಬಾರದಂತ ಇಬ್ಬರೂ ಗಟ್ಟಿ ಆಗಿ ನಿಂತ್ವಿರಿ ಡಾಕ್ಟ್ರ. ಆಕೀನೂ ಅಳಲಿಲ್ಲ" ಎಂದರು. ಹಾಗೆನ್ನುತ್ತಲೇ ಆ ತಾಯಿ ಅತ್ತರು. ನಾನು ಮಧ್ಯೆ ಮಾತಾಡಲಿಲ್ಲ. ದೀಪನ ಪಾಚನಕ್ಕೆ ಅಲ್ಪ ಔಷಧ ಕೊಟ್ಟು, ಅಂದು ರಾತ್ರಿಯೇ ಮಗಳೊಡನೆ ಈ ಮಾತನ್ನು ಆಡಬೇಕೆಂದು ಹೇಳಿ ಕಳಿಸಿದೆ. ಹದಿನೈದು ದಿನಗಳ ಬಳಿಕ ಬಂದಾಗ ಆಕೆಯ ಕತ್ತು ಸಡಿಲಗೊಂಡಿತ್ತು. ಮಗಳೂ ಅಲ್ಲಿ ತಿಂಗಳಿನಿಂದ ತಲೆನೋವೆಂದು ಮಾತ್ರೆ ನುಂಗುತ್ತಿದ್ದಳೆಂಬುದು ಅಂದಿನ ಮಾತಿನಲ್ಲಿ ಇವರಿಗೆ ತಿಳಿದಿತ್ತು.

ಇಲ್ಲೊಂದು ಸೂಕ್ಷ್ಮವನ್ನು ಮರೆಯಬಾರದು. ಅದೇ ಅಧ್ಯಾಯವು ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಲೋಭ, ಭಯ, ಕ್ರೋಧಗಳೊಡನೆ ಶೋಕವೂ ಅಲ್ಲಿದೆ. ಕಣ್ಣೀರನ್ನು ತಡೆಯಬೇಡ, ಶೋಕವನ್ನು ತಡೆ ಎಂಬ ಎರಡು ಮಾತುಗಳು ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ಒಂದಕ್ಕೊಂದು ಪೂರಕ. ಬಂದ ಕಣ್ಣೀರು ಹರಿದುಹೋಗಲಿ, ಅದು ದೇಹದ ಧರ್ಮ. ಆದರೆ ತಿಂಗಳುಗಟ್ಟಲೆ ಊಟ ಬಿಟ್ಟು, ಜನಸಂಪರ್ಕ ಬಿಟ್ಟು, ಒಂದೇ ಚಿಂತೆಯನ್ನು ಮೆಲುಕುಹಾಕುವುದನ್ನು ಮನಸ್ಸು ತಡೆಯಬೇಕು.

ತೀವ್ರ ದುಃಖ ಹೃದಯವನ್ನು ನೇರವಾಗಿ ತಟ್ಟಬಲ್ಲದು ಎಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. 1990ರಲ್ಲಿ ಜಪಾನಿನ ವೈದ್ಯರು ವರ್ಣಿಸಿದ ಟಕೊಟ್ಸುಬೊ ಎಂಬ ತೊಂದರೆಯಲ್ಲಿ ಹೃದಯದ ಎಡಕೋಣೆ ತಾತ್ಕಾಲಿಕವಾಗಿ ದುರ್ಬಲಗೊಂಡು ಉಬ್ಬುತ್ತದೆ. ಆಕ್ಟೋಪಸ್ ಹಿಡಿಯುವ ಅಲ್ಲಿಯ ಮಡಕೆಯ ಆಕಾರ ಅದಕ್ಕೆ ಬರುವುದರಿಂದ ಆ ಹೆಸರು. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಬಹುತೇಕರು ಗುಣವಾಗುತ್ತಾರೆ. ಆದರೆ ಅಗಲಿಕೆಯ ದಿನಗಳಲ್ಲಿ ಎದೆನೋವು ಅಥವಾ ಉಸಿರಾಟದ ಕಷ್ಟ ಕಂಡರೆ "ದುಃಖಕ್ಕೆ ಹಾಗಾಗಿದೆ" ಎಂದು ಮನೆಯಲ್ಲೇ ಕೂರಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮರಳಿದ ಮೇಲೆ, ಎರಡೂ ಮನೆಗಳಲ್ಲಿ

ಟಿಕೆಟ್ ಇಲ್ಲದವರನ್ನು ಭದ್ರತಾ ತಪಾಸಣೆಯ ಆಚೆಗೆ ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಬೀಳ್ಕೊಡುಗೆ ನೂಕುನುಗ್ಗಲಿನ ಸಾಲಿನಲ್ಲಿ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ನಮಸ್ಕಾರ, ಆಶೀರ್ವಾದಗಳನ್ನು ಮನೆಯಲ್ಲಿ ಪೂಜೆಯ ಬಳಿಕ ನಿಧಾನವಾಗಿ ಮುಗಿಸಿ ಹೊರಡುವುದು ಒಳ್ಳೆಯದು. ಊಟ ಮಾಡಿಯೇ ಹೊರಡಿರಿ, ಖಾಲಿ ಹೊಟ್ಟೆಯಲ್ಲಿ ದುಃಖವೂ ವಾತವೂ ಎರಡು ಪಟ್ಟು.

ಅಲ್ಲಿ ಉಳಿದ ಮಕ್ಕಳು ಅಂದೇ ಹಾಸಿಗೆ ಬಟ್ಟೆ ತೆಗೆದು ಕೋಣೆ ಖಾಲಿ ಮಾಡುವ ಅವಸರ ಬೇಡ. ಮರುದಿನ ಮೊಮ್ಮಕ್ಕಳೊಡನೆ ಸೇರಿ ಮಾಡಿರಿ. ಅಜ್ಜ ಬೆಳೆಸಿದ ಮೆಂತ್ಯದ ಕುಂಡಕ್ಕೆ ನೀರು ಹಾಕುವ ಕೆಲಸವನ್ನು ಮಗುವಿಗೆ ವಹಿಸಿರಿ. ಒಂದು ವಾರ ಬಿಸಿ ಊಟ, ಹೊತ್ತಿಗೆ ನಿದ್ರೆ, ವಾರಾಂತ್ಯದಲ್ಲಿ ಗೆಳೆಯರ ಜೊತೆ ಊಟ ಇರಲಿ.

ಇಲ್ಲಿ ಮರಳಿದ ಹಿರಿಯರಿಗೆ ಮತ್ತೆ ಹತ್ತು ದಿನದ ನಿದ್ರೆಯ ಏರುಪೇರು ಇದ್ದೇ ಇದೆ. ಆರು ತಿಂಗಳು ಬೀಗ ಹಾಕಿದ ಮನೆಗೆ ಮಧ್ಯರಾತ್ರಿ ಬಂದು ಧೂಳಿನ ನಡುವೆ ಮಲಗುವಂತಾಗಬಾರದು. ನೆಂಟರೋ ನೆರೆಯವರೋ ಮನೆ ಗುಡಿಸಿ, ನೀರಿನ ತೊಟ್ಟಿ ತೊಳೆಸಿ, ಮೊದಲ ಮೂರು ದಿನದ ಊಟಕ್ಕೆ ಏರ್ಪಾಡು ಮಾಡಲಿ. ಒಬ್ಬರೇ ಇರುವ ಹಿರಿಯರಾದರೆ ಮೂರು ರಾತ್ರಿಯಾದರೂ ಯಾರಾದರೂ ಜೊತೆಗೆ ಮಲಗಲಿ. ನೆರೆಮನೆಯವರ ಈ ನೆರವು ದಾಸೋಹವೇ. ಮರಳಿದ ವಾರದೊಳಗೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿರಿ. ಕಾಲಿನ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ, ತುಪ್ಪ ಹಾಕಿದ ಮೆತ್ತನೆಯ ಊಟ ಪ್ರಯಾಣದ ವಾತವನ್ನು ಶಮನಗೊಳಿಸುತ್ತವೆ. ಎರಡು ವಾರ ಮೀರಿಯೂ ನಿದ್ರೆ, ಹಸಿವು ಮರಳದಿದ್ದರೆ, ಬದುಕು ಬೇಡವೆನಿಸಿದರೆ, ಅದನ್ನು ವಯಸ್ಸಿನ ಲಕ್ಷಣವೆಂದು ತಳ್ಳಿಹಾಕದೆ ಚಿಕಿತ್ಸೆ ಪಡೆಯಬೇಕು.

ದೂರವಾಣಿಯ ಕರೆಗೆ ನಿಶ್ಚಿತ ವೇಳೆಯೊಂದಿರಲಿ. ಅಲ್ಲಿಯ ಬೆಳಗು ಇಲ್ಲಿಯ ಸಂಜೆ. ಅವರು ಕೆಲಸಕ್ಕೆ ಹೊರಡುವ ಮುನ್ನ, ಇವರು ಸಂಜೆಯ ಪೂಜೆ ಮುಗಿಸಿದ ಮೇಲೆ ಹತ್ತು ನಿಮಿಷ ಸಾಕು. ಕಾದು ಕುಳಿತ ಎರಡು ಗಂಟೆಯ ಕರೆಗಿಂತ ತಪ್ಪದೆ ಬರುವ ಹತ್ತು ನಿಮಿಷದ ಕರೆ ಹಿರಿಯರ ನಿದ್ರೆಗೆ ಒಳ್ಳೆಯದು. ಆ ಹತ್ತು ನಿಮಿಷದಲ್ಲಿ ಬರಿಯ "ಚೆನ್ನಾಗಿದ್ದೇವೆ" ಎಂಬ ವರದಿ ಸಾಲದು. ಮೊಣಕಾಲು ನೋಯುತ್ತಿದ್ದರೆ ನೋಯುತ್ತಿದೆಯೆಂದು ಹೇಳಿರಿ, ನೆನಪಾದರೆ ನೆನಪಾಯಿತೆಂದು ಹೇಳಿರಿ. ಶಾಸ್ತ್ರಕಾರರು ಔಷಧವೆಂದು ಹೇಳಿದ ಪ್ರಿಯವಾದ ಮಾತುಕತೆ ಅದೇ.